ಮರಳಿನಿಂದ ಮಂಚವೇರಿದ ಮೀನು

ಕಳೆದ ಫೆಬ್ರವರಿಯಲ್ಲಿ ಮೊಮ್ಮಗಳೊಂದಿಗೆ ಮಲ್ಪೆಗೆ ಹೋಗಿದ್ದೆ. ಉಡುಪಿಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಬಂದರು ಕಾಣುವ ಮೊದಲೇ ಮೀನಿನ ವಾಸನೆ ಬಂತು. ಅವಳು ಮೂಗು ಮುಚ್ಚಿಕೊಂಡು, “ಅಜ್ಜಾ, ಇಲ್ಲಿ ನಾಲ್ಕು ವರ್ಷ ಹೇಗೆ ಕೆಲಸ ಮಾಡಿದ್ರಿ?” ಎಂದಳು.

ಮಾಡಿದ್ದೆ ಮಕ್ಕಳೇ, 1980ರ ದಶಕದಲ್ಲಿ. ಆಗ ನಮ್ಮ ಬ್ಯಾಂಕಿಗೆ ಒಣಮೀನು ಮಾರುವ ಒಬ್ಬ ಅಕ್ಕ ಬರುತ್ತಿದ್ದರು. ಸಾಲ ಪಡೆದು ಬಂಗುಡೆ ಕೊಂಡು, ಉಪ್ಪು ಹಚ್ಚಿ, ಕಡಲ ತೀರದ ಮರಳಿನ ಮೇಲೆ ಹರವಿ ಒಣಗಿಸುತ್ತಿದ್ದರು. ಒಂದು ಡಿಸೆಂಬರಿನಲ್ಲಿ ರಾತ್ರಿಯಿಡೀ ಅಕಾಲ ಮಳೆ ಸುರಿಯಿತು. ಮೀನೆಲ್ಲ ಹುಳ ಬಿತ್ತು. “ರಾಯರೇ, ಮೀನು ಮಳೆಗೆ ಹೋಯ್ತು, ಸಾಲ ಮಾತ್ರ ನನಗೆ ಉಳೀತು” ಎಂದರು. ಅವರ ಹೆಸರಿಗೆ ನೋಟಿಸ್ ಬರೆದವನು ನಾನೇ. ಕಿವಿಯ ಬೆಂಡೋಲೆ ಮಾರಿ ಸಾಲ ತೀರಿಸಿದರು.

ಈ ಸಲ ಬಂದರಿನ ಬಳಿ ಬೇರೆಯದೇ ನೋಟ. ಒಂದು ಅಂಗಳದಲ್ಲಿ ಸೊಂಟದೆತ್ತರಕ್ಕೆ ಬಿದಿರಿನ ಮಂಚ, ಅದರ ಮೇಲೆ ಬಲೆ, ಬಲೆಯ ಮೇಲೆ ಮೀನು. ಪಕ್ಕದಲ್ಲೇ ಮಡಚಿಟ್ಟ ಟಾರ್ಪಾಲು. ಅಲ್ಲಿದ್ದ ಅಮ್ಮ ಮೊಮ್ಮಗಳಿಗೆ ವಿವರಿಸಿದರು: “ನೆಲದಲ್ಲಿ ಹಾಕಿದ್ರೆ ಮರಳು ಅಂಟ್ತದೆ ಮಗಾ, ಅಡಿಯಿಂದ ತೇವ ಏರ್ತದೆ, ನಾಯಿ ಎಳ್ಕೊಂಡು ಹೋಗ್ತದೆ. ಇಲ್ಲಿ ಮೇಲೂ ಗಾಳಿ, ಕೆಳಗೂ ಗಾಳಿ. ಬೇಗ ಒಣಗ್ತದೆ. ಮೋಡ ಕಂಡ್ರೆ ಟಾರ್ಪಾಲು ಎಳೀತೇವೆ.”

ಇಷ್ಟು ಸರಳವಾದ ಕೆಲಸದ ಹಿಂದೆಯೂ ಸಂಶೋಧನೆಯಿದೆ. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲೂ, 1969ರಲ್ಲಿ ಶುರುವಾದ ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೂ ಮೀನು ಕೆಡದಂತೆ ಇಡುವುದು ಹೇಗೆ, ಅದರಿಂದ ಹೆಚ್ಚು ಬೆಲೆಯ ತಿನಿಸು ಮಾಡುವುದು ಹೇಗೆ ಎಂಬ ಅಧ್ಯಯನ ನಡೆಯುತ್ತದೆ. ಮೀನನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಉಪ್ಪು ಮೀನಿನೊಳಗಿನ ನೀರನ್ನು ಹೊರಗೆಳೆಯುತ್ತದೆ, ಬಿಸಿಲು, ಗಾಳಿ ಅದನ್ನು ಆರಿಸುತ್ತವೆ. ಹಸಿ ಮೀನಿಗಾದರೆ ಮಂಜುಗಡ್ಡೆಯೇ ರಕ್ಷೆ. ನಮ್ಮಂಥ ಸೆಕೆಯ ಊರಿನಲ್ಲಿ 1 ಕಿಲೋ ಮೀನಿಗೆ 1 ಕಿಲೋ ಮಂಜುಗಡ್ಡೆ ಎಂಬುದು ಲೆಕ್ಕ. ತಂಪಿಗೆ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಅವುಗಳ ಆಟ ನಿಧಾನವಾಗುತ್ತದೆ, ಅಷ್ಟೆ. ಅದಕ್ಕೇ ಬಲೆಯಿಂದ ತೆಗೆದ ಕೂಡಲೇ ದೋಣಿಯಲ್ಲೇ ಮಂಜುಗಡ್ಡೆ ಹಾಕಬೇಕು. ಒಮ್ಮೆ ಕೆಟ್ಟ ಮೀನನ್ನು ಯಾವ ಯಂತ್ರವೂ ತಾಜಾ ಮಾಡಲಾರದು.

ಒಂದು ಪೊಟ್ಟಣ ಒಣ ಬಂಗುಡೆ ಕೊಂಡೆವು. ಮರಳಿನಲ್ಲಿ ಒಣಗಿಸಿದ್ದಕ್ಕಿಂತ ಬೆಲೆ ಜಾಸ್ತಿ. ಆ ಹೆಚ್ಚಿನ ದುಡ್ಡು ಮಂಚ ಕಟ್ಟಿದವರ ಕೈಗೇ ಹೋಯಿತಲ್ಲ ಎಂದು ನನಗೆ ಸಮಾಧಾನ.

ಬಸ್ಸಿನಲ್ಲಿ ಮೊಮ್ಮಗಳಿಗೆ ಬೆಂಡೋಲೆಯ ಕಥೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜಾ, ನೋಟಿಸ್ ಬದಲು ಅವರಿಗೆ ಒಂದು ಟಾರ್ಪಾಲಿಗೆ ಸಾಲ ಕೊಡಬಹುದಿತ್ತಲ್ವಾ?”

ಕೊಡಬಹುದಿತ್ತು. ಆಗ ಅದು ನನಗೆ ಹೊಳೆದಿರಲಿಲ್ಲ.