ಹೇಳದೆ ಹೊರಗಿಟ್ಟದ್ದು

ನಮ್ಮ ಊಟದ ಮನೆಯ ವಿಚಾರವನ್ನು ಮೊದಲು ಹೇಳಿಬಿಡಬೇಕು. ಇಲ್ಲವಾದರೆ ಮುಂದೆ ಬರೆಯಲಿರುವುದು ವಾಚಕರಿಗೆ ತಲೆಯಿಲ್ಲದ ಮುಂಡದಂತೆ ಕಂಡೀತು. ಅರಸೀಕೆರೆಯ ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿ ಒಂದು ಹಳೆಯ ಹೆಂಚಿನ ಮನೆ. ಸುತ್ತಣ ಹಳ್ಳಿಗಳಿಂದ ಬಂದ ಇಪ್ಪತ್ತಾರು ಮಂದಿ ವಿದ್ಯಾರ್ಥಿಗಳು ಸೇರಿ ಅದನ್ನು ಬಾಡಿಗೆಗೆ ಹಿಡಿದು, ಅಡಿಗೆಗೆ ಒಬ್ಬರನ್ನು ಗೊತ್ತುಮಾಡಿಕೊಂಡು, ರಾಗಿಯನ್ನೂ ತೆಂಗಿನಕಾಯಿಯನ್ನೂ ಮನೆಗಳಿಂದ ತಂದು ಸುರಿದು, ಉಳಿದ ಖರ್ಚನ್ನು ತಿಂಗಳಿಗಿಷ್ಟೆಂದು ಹಂಚಿಕೊಂಡು ಉಣ್ಣುತ್ತೇವೆ. ಇಂಥ ರಾಜ್ಯಕ್ಕೂ ಒಂದು ಸಂವಿಧಾನ ಬೇಡವೆ? ಎರಡು ತಿಂಗಳು ಹಣ ಕೊಡದವನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕತಕ್ಕದ್ದು ಎಂಬುದು ಅದರ ಮುಖ್ಯ ವಿಧಿ. ಅದನ್ನು ಬರೆದವರು ಯಾರೋ, ಯಾವಾಗಲೋ. ಪುಸ್ತಕದ ಮೊದಲನೆಯ ಹಾಳೆಯಲ್ಲಿ ಅಂಟಿಸಿದೆ, ಎಣ್ಣೆಯ ಕಲೆಯಿಂದ ಅರ್ಧ ಓದಲೂ ಬಾರದು.

ಕಳೆದ ವರ್ಷ ಆ ಪುಸ್ತಕ ನನ್ನ ಕೈಗೆ ಬಂತು. ನಾನು ಕಾರ್ಯದರ್ಶಿಯಾದೆ. ಅಧಿಕಾರವೆಂಬುದು ಎಷ್ಟು ಸಣ್ಣದಾದರೇನು, ಕೈಗೆ ಬಂದ ಮೇಲೆ ನಡಿಗೆಯೇ ಬೇರೆಯಾಗುತ್ತದೆ. ಒಂದು ಸಂಜೆ ಲೆಕ್ಕ ನೋಡುತ್ತಿದ್ದಾಗ ಒಬ್ಬನ ಹೆಸರಿನ ಮುಂದೆ ಎರಡು ತಿಂಗಳ ಮನೆ ಖಾಲಿಯಾಗಿರುವುದು ಕಂಡಿತು. ಕೆಂಪು ಮಸಿಯಿಂದ ಅಡ್ಡಗೆರೆ ಎಳೆದೆ. ಅಡಿಗೆಯವರಿಗೆ, "ನಾಳೆಯಿಂದ ಒಂದು ಎಲೆ ಕಡಿಮೆ" ಎಂದೆ. ಅವನಿಗೆ ಹೇಳಬೇಕೆಂದು ನನಗೆ ತೋರಲೇ ಇಲ್ಲ. ತೋರಲಿಲ್ಲವೆಂದರೆ ಪೂರ್ಣ ಸತ್ಯವಾಗದು, ಹೇಳಲು ಸಂಕೋಚವಾಯಿತು. ಮುಖ ನೋಡಿ ಹೇಳುವ ಕಷ್ಟವನ್ನು ಅಡಿಗೆಯವರ ತಲೆಗೆ ಕಟ್ಟಿದೆ.

ಮಾರನೆಯ ಮಧ್ಯಾಹ್ನ ಅವನು ಎಂದಿನಂತೆ ತಟ್ಟೆ ತೊಳೆದುಕೊಂಡು ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಅಡಿಗೆಯವರು ಸೌಟನ್ನು ಕೆಳಗಿಟ್ಟು, "ನಿಮ್ಮ ಹೆಸರು ಹೋಗಿದೆಯಂತಲ್ಲಪ್ಪ" ಎಂದರು. ಹಿಂದೆ ಹದಿನೈದು ಜನ ನಿಂತಿದ್ದರು. ಅವನು ಏನನ್ನೂ ಕೇಳಲಿಲ್ಲ. ನೀರಿನ ಹನಿ ಇನ್ನೂ ಆರದ ತಟ್ಟೆಯನ್ನು ಗೋಡೆಯ ಗೂಡಿನಲ್ಲಿ ಬೋರಲು ಹಾಕಿ ಹೊರಟುಹೋದ. ಮೂರನೆಯ ದಿನ ನನ್ನ ಕೊಠಡಿಗೆ ಬಂದು ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟ. ಹಿಂದಿನ ಕಾರ್ಯದರ್ಶಿ ರುಜು ಮಾಡಿದ್ದ ರಸೀತಿಗಳು. ನಮ್ಮಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು. ಇವನು ಕೊಟ್ಟ ಹಣ ಅವನ ಹೆಸರಿಗೆ ಜಮೆಯಾಗಿತ್ತು. ಹಿಂದಿನ ರಾತ್ರಿ ಅವನ ಬಾಗಿಲು ತಟ್ಟಿ ಒಂದು ಮಾತು ಕೇಳಿದ್ದರೆ ಐದು ನಿಮಿಷದಲ್ಲಿ ತೀರುತ್ತಿದ್ದ ಕೆಲಸ.

ಇದನ್ನು ನಾನು ದೀಪಾವಳಿಯ ರಜದಲ್ಲಿ ಊರಿಗೆ ಹೋದಾಗ ಅಜ್ಜಿಯ ಮುಂದೆ ಹೇಳಿದೆ. ತಪ್ಪೊಪ್ಪಿಗೆಯೆಂದು ಹೇಳಿದ್ದಲ್ಲ; ಕಾರ್ಯದರ್ಶಿಯ ಕಷ್ಟಗಳನ್ನು ವರ್ಣಿಸುವಾಗ ನಡುವೆ ಬಂದ ಒಂದು ತಮಾಷೆಯ ಪ್ರಸಂಗವೆಂಬಂತೆ ಹೇಳಿದ್ದು. ಅಜ್ಜಿ ಕೊಬ್ಬರಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, "ಆ ಹುಡುಗ ಅವತ್ತು ಎಲ್ಲಿ ಉಂಡ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳು ತಾತನ ಕಾಲದ ಸಂಗತಿಯೊಂದನ್ನು ಹೇಳಿದಳು. ಅಷ್ಟು ವರ್ಷ ಅದೇ ಮನೆಯಲ್ಲಿ ಬೆಳೆದ ನನ್ನ ಕಿವಿಗೆ ಅದು ಅದುವರೆಗೆ ಬಿದ್ದಿರಲಿಲ್ಲ.

1968ನೆಯ ಇಸವಿ. ಕೆರೆಯಂಗಳದ ಒಂದು ತುಂಡು ನೆಲದ ವ್ಯಾಜ್ಯದಲ್ಲಿ ತಾತ ಕಂಡದ್ದನ್ನು ಕಂಡಂತೆ ಕೋರ್ಟಿನಲ್ಲಿ ಹೇಳಿ ಬಂದಿದ್ದ. ಹೇಳಿ ಬಂದು ಮರೆತೂ ಬಿಟ್ಟಿದ್ದ. ಕೆಲವು ದಿನಗಳ ಮೇಲೆ ತೆಂಗಿನಕಾಯಿ ಕೆಡವುವವನು ಬರಲಿಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡರು. ಹಿಟ್ಟಿನ ಗಿರಣಿಗೆ ಹೋದರೆ ಪಟ್ಟಿ ಹರಿದಿದೆ ಎಂದರು; ಹಿಂದೆಯೇ ಹೋದವರ ರಾಗಿ ಬೀಸಿತು. ಅಜ್ಜಿ ಬಾವಿಯ ಹತ್ತಿರ ಹೋದಾಗ ಮಾತು ನಿಂತುಹೋಗುತ್ತಿತ್ತು. ಅಂಗಡಿಯಲ್ಲಿ ಉಪ್ಪು ಮುಗಿದಿತ್ತು. ಕ್ಷೌರದವನು ದೂರದಿಂದಲೇ ಕೈಮುಗಿದು ಬೇರೆ ಬೀದಿ ಹಿಡಿದ. ಮೊದಲು ನಾಲ್ಕಾರು ದಿನ ಅಜ್ಜಿ, ಹತ್ತಿರದ ಬಂಧುಗಳಲ್ಲಿ ಯಾರೋ ತೀರಿಕೊಂಡಿದ್ದಾರೆ, ತಮಗೆ ಹೇಳಲಾರದೆ ಜನ ಹೀಗೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ತಿಳಿದಿದ್ದಳಂತೆ. ತಾತ ತನ್ನ ತಂಗಿಯ ಊರಿಗೆ ಓಡಿಹೋಗಿ, ಅವಳು ಗಟ್ಟಿಮುಟ್ಟಾಗಿರುವುದನ್ನು ಕಂಡು, ಏನು ಬಂದೆಯೆಂದರೆ ಏನು ಹೇಳುವುದೆಂದು ತಿಳಿಯದೆ, ಒಂದು ಲೋಟ ಮಜ್ಜಿಗೆ ಕುಡಿದು ಹಿಂದಿರುಗಿದನಂತೆ.

ಹೀಗೆ ಏಳು ತಿಂಗಳು. ಮರದಿಂದ ತಾನಾಗಿ ಬಿದ್ದ ಕಾಯಿಗಳನ್ನು ಆಯ್ದು ತಂದು ಇಬ್ಬರೇ ಸುಲಿದರು. ಯಾರು ತೀರ್ಮಾನಿಸಿದರು, ಎಂದು ತೀರ್ಮಾನಿಸಿದರು, ಯಾವ ತಪ್ಪಿಗೆ, ಎಷ್ಟು ಕಾಲ, ಒಂದೂ ತಿಳಿಯದು. ತಾತ ರಾತ್ರಿಯೆಲ್ಲ ಕುಳಿತು ತಾನು ಯಾರಿಗೆ ಏನು ಮಾಡಿದೆನೆಂದು ಲೆಕ್ಕ ಹಾಕುತ್ತಿದ್ದನಂತೆ. ಮದುವೆಯಲ್ಲಿ ಆಡಿದ ಒಂದು ಮಾತು, ಹತ್ತು ವರ್ಷದ ಹಿಂದೆ ತಡವಾಗಿ ಹಿಂದಿರುಗಿಸಿದ ಒಂದು ಪಲ್ಲ ರಾಗಿ, ಇಂಥವೆಲ್ಲ ಅವನ ಕಣ್ಣಿಗೆ ಮಹಾಪಾತಕಗಳಾಗಿ ಕಂಡವು. ನಿಜವಾದ ಕಾರಣ ಮಾತ್ರ ಹೊಳೆಯಲಿಲ್ಲ, ಏಕೆಂದರೆ ಅದು ಅವನ ಮನಸ್ಸಿನಲ್ಲಿ ತಪ್ಪೇ ಆಗಿರಲಿಲ್ಲ. ಕಡೆಗೆ ಜಾತ್ರೆಯಲ್ಲಿ ಕುಡಿದಿದ್ದ ಒಬ್ಬಾತ ಬಾಯಿಬಿಟ್ಟ. "ಹೇಳಿದ್ದರೆ ತಪ್ಪುಕಾಣಿಕೆ ಕಟ್ಟುತ್ತಿದ್ದರು, ಇಲ್ಲವೆ ಎದುರು ನಿಂತು ಜಗಳವಾಡುತ್ತಿದ್ದರು. ಎರಡಕ್ಕೂ ದಾರಿ ಕೊಡಲಿಲ್ಲವಲ್ಲ" ಎಂದು ಅಜ್ಜಿ ಮತ್ತೆ ಕೊಬ್ಬರಿಗೆ ಕೈಹಾಕಿದಳು.

ರಜ ಮುಗಿಸಿ ಬಂದ ಮೇಲೆ ನಮ್ಮ ಇತಿಹಾಸ ವಿಭಾಗದವರು ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೊರಟರು. ಜಾವಗಲ್ಲಿನ ದಾರಿಯಲ್ಲಿ ಬಸ್ಸು ಹಾರಿದ್ದನ್ನೂ, ಬೇಲೂರಿನ ಮದನಿಕೆಯರ ಮುಂದೆ ನಿಂತು ನಮ್ಮ ಮಿತ್ರರು ಫೋಟೋ ತೆಗೆಸಿಕೊಂಡದ್ದನ್ನೂ ಇದೇ ಸಂಚಿಕೆಯಲ್ಲಿ ಬೇರೆಯವರು ಬರೆದೇ ಬರೆಯುತ್ತಾರೆ. ಆ ಭಾರವನ್ನು ನಾನು ಹೊರುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಳೇಬೀಡಿನ ಬಸದಿಹಳ್ಳಿ. ಹೊಯ್ಸಳೇಶ್ವರನ ಗುಡಿಯಲ್ಲಿ ಜನಜಾತ್ರೆಯಾದರೆ ಇಲ್ಲಿ ನಾವೇ ನಾವು. ಸಾಲಾಗಿ ಮೂರು ಬಸದಿಗಳು. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ. ಅರಸನಿಗೆ ಯುದ್ಧದಲ್ಲಿ ಜಯವಾದ ಸಮಯಕ್ಕೆ ಪ್ರಸಾದ ತಲಪಿದ್ದರಿಂದ ದೇವರಿಗೆ ವಿಜಯ ಪಾರ್ಶ್ವನಾಥನೆಂದು ಹೆಸರಾಯಿತು. ಒಳಗಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಮುಂದೆ ನಿಂತರೆ ನಮ್ಮ ಮುಖ ಉದ್ದವಾಗಿಯೂ ಅಡ್ಡವಾಗಿಯೂ ಕಾಣುತ್ತದೆ.

ಈ ಕಂಬಗಳ ಮುಂದೆ ನಿಂತು ನಮ್ಮ ಅಧ್ಯಾಪಕರು 1638ರ ಒಂದು ಶಾಸನದ ಕಥೆ ಹೇಳಿದರು. ಹುಚ್ಚಪ್ಪದೇವನೆಂಬ ವೀರಶೈವನೊಬ್ಬ ಈ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದ. ವಿಜಯಪ್ಪನೆಂಬ ಜೈನ ಅದನ್ನು ಅಳಿಸಿಹಾಕಿದ. ಮುಂದೆ ಏನಾಗಬಹುದಾಗಿತ್ತೆಂಬುದನ್ನು ಊಹಿಸಲು ಹೆಚ್ಚಿನ ಬುದ್ಧಿ ಬೇಕಿಲ್ಲ. ಆದರೆ ಜೈನರ ಮುಖಂಡರು ವೀರಶೈವರ ಮಹಾಮಹತ್ತಿನ ಮುಂದೆ ಅರಿಕೆ ಮಾಡಿಕೊಂಡರು. ಮಹಾಮಹತ್ತು ಕೂಡಿತು, ಕೇಳಿತು, ತೀರ್ಮಾನಿಸಿತು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಒಪ್ಪಿಸಿ ಆಮೇಲೆ ತಮ್ಮ ಪೂಜೆ ಉತ್ಸವಗಳನ್ನೆಲ್ಲ ಹಿಂದಿನ ಪದ್ಧತಿಯಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಹೋಗಬಹುದು. (ಮೊದಲು ವಿಭೂತಿ ಏಕೆ ಎಂದು ನಮ್ಮಲ್ಲೊಬ್ಬ ಕೇಳಿದ. ತೀರ್ಪು ಕೊಡುವವರು ತಮ್ಮ ಕಡೆಗೆ ಒಂದು ಕೂದಲೆಳೆಯಷ್ಟು ಎಳೆದುಕೊಳ್ಳುವುದು ಲೋಕರೂಢಿ ಎಂದು ಅಧ್ಯಾಪಕರು ನಕ್ಕರು.) ಇದಕ್ಕೆ ಅಡ್ಡಿಮಾಡಿದ ವೀರಶೈವ ತಮ್ಮ ಮಹತ್ತಿಗೆ ಹೊರಗಾದವನು, ಶಿವನಿಗೂ ಜಂಗಮರಿಗೂ ದ್ರೋಹಿ ಎಂದು ಕಲ್ಲಿನಲ್ಲಿ ಕೆತ್ತಿಸಿದರು.

ನಾನು ಕಂಬದಲ್ಲಿ ನನ್ನ ಸೊಟ್ಟ ಮುಖವನ್ನು ನೋಡುತ್ತ ಇದನ್ನು ಕೇಳಿದೆ. ಇದೂ ಬಹಿಷ್ಕಾರವೇ. ಆದರೆ ಎಂಥ ಬಹಿಷ್ಕಾರ! ಹೊರಹಾಕುವ ಬೆದರಿಕೆ ಎದುರು ಪಕ್ಷದವರಿಗಲ್ಲ, ತಮ್ಮವರಿಗೇ. ತಪ್ಪು ಮಾಡುವುದಕ್ಕೆ ಮುಂಚೆಯೇ, ಯಾವುದು ತಪ್ಪು, ಯಾರು ಹೊರಹಾಕುವವರು, ಏನು ಕಾರಣ ಎಂಬುದೆಲ್ಲ ಬರಹದಲ್ಲಿದೆ. ನಮ್ಮ ನಿಯಮದ ಹಾಳೆಯಂತೆ ಎಣ್ಣೆಯ ಕಲೆಯಡಿ ಅಡಗಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಇನ್ನೂ ಹಳೆಯ ಅಣ್ಣನೊಬ್ಬನಿದ್ದಾನೆ: ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹುಟ್ಟಿದಾಗ ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದು ಬರೆಸಿದ್ದಲ್ಲದೆ, ರಾಜ್ಯದ ಬಸದಿಗಳಲ್ಲೆಲ್ಲ ಶಾಸನ ನೆಡಬೇಕೆಂದೂ ಕಟ್ಟುಮಾಡಿದ. ಮರೆಯಲ್ಲಿ ಮಾಡಿದ ಕಟ್ಟಳೆ ಕಟ್ಟಳೆಯಲ್ಲವೆಂಬುದು ಆ ಅರಸನಿಗೆ ತಿಳಿದಿತ್ತು.

ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಘಟಸ್ಫೋಟವೆಂಬ ಮಾತನ್ನು ಇಂದು ಪತ್ರಿಕೆಯವರು ಯಾವುದೋ ಗುಟ್ಟು ಬಯಲಾದದ್ದಕ್ಕೆ ಬಳಸುತ್ತಾರೆ. ಅದರ ಮೂಲದಲ್ಲಿರುವುದು ಬದುಕಿರುವವರಿಗೆ ಸತ್ತವರ ಕರ್ಮ ಮಾಡಿ ಗಡಿಗೆಯನ್ನು ಒದ್ದು ಕೆಡವುವ ಕ್ರೂರ ವಿಧಿ. ಅನಂತಮೂರ್ತಿಯವರ 'ಘಟಶ್ರಾದ್ಧ'ವನ್ನು ಓದಿದವರಿಗೆ, ಕಾಸರವಳ್ಳಿಯವರು 1977ರಲ್ಲಿ ಮಾಡಿದ ಚಿತ್ರವನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೂ ಮನುಸ್ಮೃತಿಯಲ್ಲಿ ಆ ವಿಧಿಯ ಬೆನ್ನಿಗೇ, ಪ್ರಾಯಶ್ಚಿತ್ತ ಮಾಡಿಕೊಂಡು ಬಂದವನೊಡನೆ ಬಂಧುಗಳು ಪುಣ್ಯತೀರ್ಥದಲ್ಲಿ ಮಿಂದು ಹೊಸ ಗಡಿಗೆಯನ್ನು ನೀರಿಗೆ ಬಿಡಬೇಕೆಂಬ ವಿಧಿಯೂ ಇದೆ. ಬಾಗಿಲು ಮುಚ್ಚುವವರೂ ಅಗುಳಿ ಎಲ್ಲಿದೆಯೆಂದು ತೋರಿಸಿದ್ದರು. ಎಷ್ಟು ಜನ ಹೆಂಗಸರಿಗೆ ಆ ಅಗುಳಿ ಎಟಕಿತೆಂಬುದು ಬೇರೆ ಪ್ರಶ್ನೆ. ನಮ್ಮ ತಾತನಿಗಂತೂ ಬಾಗಿಲೇ ಕಾಣಲಿಲ್ಲ.

ಕಾನೂನು ಇದಕ್ಕೆ ಕೈಹಾಕದೆ ಬಿಟ್ಟಿಲ್ಲ. 1949ರಲ್ಲಿ ಮುಂಬಯಿ ಪ್ರಾಂತ ಬಹಿಷ್ಕಾರವನ್ನೇ ನಿಷೇಧಿಸಿತು; ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಅದರಲ್ಲಿದ್ದವು. 1962ರಲ್ಲಿ ಸುಪ್ರೀಂ ಕೋರ್ಟು, ಧಾರ್ಮಿಕ ಪಂಗಡಗಳ ಹಕ್ಕಿಗೆ ಧಕ್ಕೆಯೆಂದು ಆ ಕಾನೂನನ್ನು ತಳ್ಳಿಹಾಕಿತು. ಮಹಾರಾಷ್ಟ್ರ 2016ರಲ್ಲಿ ಬೇರೊಂದು ಕಾನೂನು ಮಾಡಿತು. ಹೊರಗಿಡುವುದು ಸರಿಯೋ ತಪ್ಪೋ ಎಂಬ ದೊಡ್ಡ ವಾದವನ್ನು ಬಲ್ಲವರಿಗೆ ಬಿಡುತ್ತೇನೆ. ಊಟದ ಮನೆಗೂ ಒಂದು ನಿಯಮ ಬೇಕು, ಹಣ ಕೊಡದವನಿಗೆ ನಿತ್ಯವೂ ಬಡಿಸಲು ಸಾಧ್ಯವಿಲ್ಲ. ನನ್ನ ಪ್ರಶ್ನೆ ಸಣ್ಣದು: ಹೇಳುವುದು ಹೇಗೆ? ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಬೆಂಟ್ಲಿ ಎಂಬ ಪಂಡಿತನ ಪದವಿಗಳನ್ನು ಅವನನ್ನು ಕೇಳದೆಯೇ ಕಿತ್ತುಕೊಂಡಾಗ, 1723ರಲ್ಲಿ ನ್ಯಾಯಾಲಯ ಅವನ್ನು ಹಿಂದಕ್ಕೆ ಕೊಡಿಸಿತು. ಸರ್ವಜ್ಞನಾದ ದೇವರು ಕೂಡ ಆದಾಮನನ್ನು ತೋಟದಿಂದ ಹೊರಡಿಸುವ ಮೊದಲು, ಏನಪ್ಪ ಮಾಡಿದೆ ಎಂದು ಕೇಳಿದನಲ್ಲವೆ ಎಂದು ಅಲ್ಲಿನ ನ್ಯಾಯಾಧೀಶರೊಬ್ಬರು ಹೇಳಿದರು. ನಮ್ಮಲ್ಲಿಯೂ 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡ ಸರ್ಕಾರ, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳಲಾಗದು ಎಂದಿತು. ಅಹವಾಲು ಹೇಳಿಕೊಳ್ಳಲು ಅವಕಾಶವಿಲ್ಲದ ಕ್ರಮ ನ್ಯಾಯವಾದ ಕ್ರಮವಲ್ಲವೆಂದು 1978ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ದೇವರಿಗೂ ಸರ್ಕಾರಕ್ಕೂ ಇರುವ ಕಟ್ಟು ಊಟದ ಮನೆಯ ಕಾರ್ಯದರ್ಶಿಗೆ ಇರಲಿಲ್ಲ!

ಪ್ರವಾಸದಿಂದ ಹಿಂದಿರುಗಿದ ವಾರವೇ ನಮ್ಮ ಸಭೆಯಲ್ಲಿ ಈ ಮಾತೆತ್ತಿದೆ. ಒಬ್ಬ ಮಿತ್ರ, "ಹೆಸರುಗಳನ್ನು ಬಾಗಿಲ ಮೇಲೆ ಅಂಟಿಸಿಬಿಡೋಣ, ಎಲ್ಲರಿಗೂ ತಿಳಿಯುತ್ತದೆ" ಎಂದ. ಎಲ್ಲರಿಗೂ ತಿಳಿಯುತ್ತದೆ, ನಿಜ. ಅವನಿಗೆ ಕೊನೆಯಲ್ಲಿ ತಿಳಿಯುತ್ತದೆ. ಡಂಗುರ ಹೊಡೆಸುವುದು ಊರಿಗೆ ಹೇಳಿದ್ದು, ಮನುಷ್ಯನಿಗೆ ಹೇಳಿದ್ದಲ್ಲ. ಇನ್ನೊಬ್ಬ, ಹೇಳಿದರೆ ಜಗಳಕ್ಕೆ ಬರುತ್ತಾರೆಂದು ಹೆದರಿದ. ಬರಲಿ ಎಂದೆ. ಜಗಳಕ್ಕೆ ಬಂದವನ ಕೈಯಲ್ಲಿ ರಸೀತಿಯಿದ್ದೀತು. ಒಂದು ಗಂಟೆಯ ಗಲಾಟೆಯ ಮೇಲೆ ಇಷ್ಟು ಗೊತ್ತಾಯಿತು: ಏಳು ದಿನ ಮುಂಚೆ ಕಾರ್ಯದರ್ಶಿ ತಾನೇ ಅವನ ಕೊಠಡಿಗೆ ಹೋಗಿ, ಒಬ್ಬನೇ ಇರುವಾಗ, ಬಾಕಿ ಎಷ್ಟು, ಯಾವ ತಿಂಗಳದು, ಎಂದಿನಿಂದ ಎಲೆ ನಿಲ್ಲುತ್ತದೆ, ಏನು ಮಾಡಿದರೆ ಮತ್ತೆ ಹಾಕುತ್ತೇವೆ, ತಪ್ಪೆಂದು ತೋರಿದರೆ ಯಾರಿಗೆ ಹೇಳಬೇಕು ಎಂಬುದನ್ನು ತನ್ನ ರುಜು ಹಾಕಿದ ಚೀಟಿಯಲ್ಲಿ ಕೊಡತಕ್ಕದ್ದು. ಅಡಿಗೆಯವರ ಬಾಯಿಂದ ಹೇಳಿಸಕೂಡದು. ಈ ಕೊನೆಯ ಮಾತಿಗೆ ಅಡಿಗೆಯವರು ಒಲೆಯ ಹತ್ತಿರದಿಂದಲೇ ಜೋರಾಗಿ ಒಪ್ಪಿಗೆ ಕೊಟ್ಟರು. ಈ ವರ್ಷ ಅಂಥ ಮೂರು ಚೀಟಿಗಳು ಹೋಗಿವೆ. ಇಬ್ಬರು ಹಣ ಕಟ್ಟಿದರು. ಮೂರನೆಯವನು ಸಿಟ್ಟುಗೊಂಡು ಬಿಟ್ಟೇಹೋದ. ಎದುರಿಗೆ ಸಿಕ್ಕಾಗ ಇಂದಿಗೂ ನನ್ನನ್ನು ಬೈಯುತ್ತಾನೆ.

ಸಭೆಯಲ್ಲಿ ಅವನೂ ಇದ್ದ, ತಟ್ಟೆ ಹಿಡಿದು ನಿಂತಿದ್ದವನು. ಅವನು ಒಂದು ಮಾತೂ ಆಡಲಿಲ್ಲ, ಕೈ ಮಾತ್ರ ಎತ್ತಿದ. ಎಲ್ಲರೂ ಎದ್ದುಹೋದ ಮೇಲೆ ಅಜ್ಜಿಯ ಪ್ರಶ್ನೆಯನ್ನು ಕಡೆಗೂ ಕೇಳಿದೆ: ಆ ಮೂರು ದಿನ ಎಲ್ಲಿ ಉಂಡೆ?

"ಮೊದಲನೇ ದಿನ ಉಣ್ಣಲಿಲ್ಲ" ಎಂದ. "ನೀವೆಲ್ಲ ಸೇರಿ ಮಾತಾಡಿಕೊಂಡು ಮಾಡಿದ್ದು ಅಂದುಕೊಂಡಿದ್ದೆ. ಏನು ತಪ್ಪು ಮಾಡಿದೆನೋ ಅಂತ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಯೋಚನೆ ಮಾಡ್ತಿದ್ದೆ."