ಹರಕೆ ತೀರಿದ ಮೇಲೆ ಎರಡು ದಿನ

ಫಾಲ್ಗುಣ ಮಾಸ ಬಂತೆಂದರೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ. ಹಿಂದೆ ದೂರದ ಊರುಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಈಗ ಬಸ್ಸು, ಟ್ರ್ಯಾಕ್ಟರುಗಳಿವೆ. ಆದರೂ ಹರಕೆ ಹೊತ್ತವರು ನಡೆದೇ ಬರುತ್ತಾರೆ. ಮಕ್ಕಳ ಪರೀಕ್ಷೆಯ ಕಾಲವೂ ಅದೇ ಆಗಿರುವುದರಿಂದ, ಮಗನೋ ಮಗಳೋ ಪಾಸಾಗಲಿ ಎಂದು ಹೆಜ್ಜೆ ಹಾಕುವ ತಂದೆ ತಾಯಂದಿರೂ ಅವರಲ್ಲಿ ಇರುತ್ತಾರೆ.

ಗುಡ್ಡವೇರಿ, ಗುಹೆಯೊಳಗಿನ ದೇವಿಯ ದರ್ಶನ ಪಡೆದು, ಹಣ್ಣುಕಾಯಿ ಮಾಡಿಸಿದ ಕೂಡಲೇ ಹೆಚ್ಚಿನವರು ಊರಿನ ಬಸ್ಸು ಹಿಡಿಯುತ್ತಾರೆ. ಅಷ್ಟು ದೂರ ನಡೆದು ಬಂದವರು ಎರಡು ದಿನ ಇಲ್ಲೇ ಉಳಿದರೆ ಏನು ನಷ್ಟ? ಪರೀಕ್ಷೆ ಮುಗಿಸಿದ ಮಕ್ಕಳು ಜೊತೆಗಿದ್ದರಂತೂ ಇನ್ನೂ ಒಳ್ಳೆಯದು. ಓದಿಗಾಗಿ, ಅರಿವಿಗಾಗಿ ಊರು ಬಿಟ್ಟು ಹೊರಟವರ ಸೀಮೆ ಇದು.

ಮೊದಲ ದಿನ ಸೊರಬದಲ್ಲಿ ವಿಶ್ರಾಂತಿ. ಚಂದ್ರಗುತ್ತಿಯಿಂದ ಸುಮಾರು 16 ಕಿ.ಮೀ. ಪಾದದಲ್ಲಿ ಬೊಬ್ಬೆ ಎದ್ದಿರುತ್ತದೆ, ಮೀನಖಂಡ ಬಿಗಿದಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂತರೆ ಹಿತವೆನಿಸುತ್ತದೆ. ಸಂಜೆ ನಿಧಾನವಾಗಿ ರಂಗನಾಥ ದೇವಸ್ಥಾನದ ಕಡೆಗೆ, ದಂಡಾವತಿ ಹೊಳೆಯ ಕಡೆಗೆ ಹೋಗಿಬರಬಹುದು. ಸುರಭಿಪುರವೇ ಸೊರಬವಾಯಿತೆಂಬುದು ಇಲ್ಲಿನ ಐತಿಹ್ಯ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರೂ ಹೌದು.

ಮರುದಿನ ಬೆಳಿಗ್ಗೆ ಶಿರಾಳಕೊಪ್ಪಕ್ಕೆ ಬಸ್ಸು ಹಿಡಿಯಿರಿ. ಅಲ್ಲಿಂದ ಶಿಕಾರಿಪುರ ತಾಲ್ಲೂಕಿನ ಮೂರು ಹಳ್ಳಿಗಳೂ ಹತ್ತಿರ.

ಮೊದಲು ತಾಳಗುಂದ. ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬದಲ್ಲಿ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಬರೆದವನು ಕುಬ್ಜನೆಂಬ ಕವಿ. ಮಯೂರಶರ್ಮನೆಂಬ ಇಲ್ಲಿನ ತರುಣ ವಿದ್ಯೆ ಕಲಿಯಲು ಪಲ್ಲವರ ಕಂಚಿಗೆ ಹೋದದ್ದು, ಅಲ್ಲಿ ಅಶ್ವಾರೋಹಿಯೊಬ್ಬನೊಡನೆ ಜಗಳವಾದದ್ದು, ಅವಮಾನ ತಾಳಲಾರದೆ ಕತ್ತಿ ಹಿಡಿದದ್ದು, ಎಲ್ಲವನ್ನೂ ಆ ಕಂಬ ಹೇಳುತ್ತದೆ. ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ಕಂಚಿಯವರೆಗೆ ಜೊತೆಗೆ ಹೋದವನು ಗುರು ವೀರಶರ್ಮ. ಆತ ಮಯೂರನ ಅಜ್ಜನೆಂದು ಬನವಾಸಿ ಸಮೀಪದ ಗುಡ್ನಾಪುರ ಶಾಸನದಿಂದ ತಿಳಿಯುತ್ತದೆ. ಮೊಮ್ಮಗನ ಓದಿಗಾಗಿ ನೂರಾರು ಮೈಲಿ ಹೋದ ಆ ಹಿರಿಯನ ಹೆಸರನ್ನು ಮಕ್ಕಳಿಗೆ ಹೇಳಲು ಮರೆಯಬೇಡಿ. 2013ರ ಉತ್ಖನನದಲ್ಲಿ ಇದೇ ಊರಿನಲ್ಲಿ ಸಿಂಹಕಟಾಂಜನ ಶಾಸನವೂ ಸಿಕ್ಕಿತು. ಅದರ ಕಾಲ ಸುಮಾರು ಕ್ರಿ.ಶ. 370 ಎಂದು ಪುರಾತತ್ವ ಇಲಾಖೆ ಗುರುತಿಸಿದೆ. ಹಾಗಾದರೆ ಅದು ಹಲ್ಮಿಡಿ ಶಾಸನಕ್ಕಿಂತಲೂ ಹಳೆಯದು.

ಅಲ್ಲಿಂದ ಬಳ್ಳಿಗಾವಿ. ಅಲ್ಲಮಪ್ರಭುವಿನ ಊರು. ತ್ರಿಕೂಟದ ಕೇದಾರೇಶ್ವರ ದೇವಾಲಯ, ಗಂಡಭೇರುಂಡವನ್ನು ಹೊತ್ತ ಎತ್ತರದ ಕಂಬ, ನುಣುಪಾದ ಕಂಬಗಳ ನೆರಳು. ಕಾಲು ನೋಯುವವರು ಜಗಲಿಯ ಮೇಲೆ ಕುಳಿತು ಇಲ್ಲಿನ ಕೋಡಿಯ ಮಠದ ಕಥೆಯನ್ನು ನೆನೆಯಬೇಕು. 1162ರ ಶಾಸನ ಆ ಮಠವನ್ನು ವರ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಬಡವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತು. ಜೈನ, ಬೌದ್ಧ ಸನ್ಯಾಸಿಗಳಿಗೂ ಊಟವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವಿತ್ತು. ಪಾಠಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ! ದಣಿದು ಬಂದವನನ್ನು ನೀನು ಯಾರು, ಯಾವ ಮತದವನು ಎಂದು ಕೇಳದೆ ಊಟಕ್ಕೆ ಕೂರಿಸುವುದೂ ಆ ವಿದ್ಯಾಕೇಂದ್ರದ ಕೆಲಸವಾಗಿತ್ತು. ಅಂಕಪಟ್ಟಿಯನ್ನೇ ವಿದ್ಯೆಯೆಂದು ನಂಬಿರುವ ನಾವು, ದೊಡ್ಡವರೂ ಚಿಕ್ಕವರೂ, ಇಲ್ಲಿ ಅರ್ಧ ಗಂಟೆ ಕೂರಬೇಕು.

ಕೊನೆಗೆ ಉಡುತಡಿ. ಅಕ್ಕಮಹಾದೇವಿ ಹುಟ್ಟಿದ ಊರು. 12ನೇ ಶತಮಾನದಲ್ಲಿ ಒಬ್ಬಂಟಿ ಹೆಣ್ಣುಮಗಳು ಇಲ್ಲಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದಳು. ನಾಲ್ಕು ದಿನ ನಡೆದು, ಗುಂಪಿನ ಜೊತೆಯಿದ್ದೂ ಸುಸ್ತಾದ ನಮಗೆ ಆ ದಾರಿ ಎಷ್ಟು ದೂರವೆಂಬುದು ಈಗ ಸ್ವಲ್ಪ ಅರ್ಥವಾದೀತು. ಮಗಳನ್ನು ದೂರದ ಕಾಲೇಜಿಗೆ ಕಳಿಸಲು ಹಿಂದೆಮುಂದೆ ನೋಡುವ ಅಪ್ಪ ಅಮ್ಮಂದಿರು ಈ ಊರನ್ನು ತಪ್ಪಿಸಬಾರದು.

ಸಂಜೆಯ ಹೊತ್ತಿಗೆ ಶಿಕಾರಿಪುರ ಸೇರಬಹುದು. ಹುಚ್ಚರಾಯಸ್ವಾಮಿ ಎಂದು ಜನ ಕರೆಯುವ ಆಂಜನೇಯನಿಗೆ ಕೈಮುಗಿದು, ಕೆರೆಯ ಗಾಳಿಗೆ ಮೈಯೊಡ್ಡಿ, ಹೋಟೆಲಿನಲ್ಲಿ ಊಟ ಮುಗಿಸಿ ಮಲಗಿದರೆ ಬೆಳಿಗ್ಗೆ ಶಿವಮೊಗ್ಗದ ಬಸ್ಸು. ಸುಮಾರು 50 ಕಿ.ಮೀ. ದಾರಿ, ಮುಂದಕ್ಕೆ ರೈಲೂ ಉಂಟು. ಬಿಸಿಲಿನ ಕಾಲವಾದ್ದರಿಂದ ಟೋಪಿ, ಕುಡಿಯುವ ನೀರು ಜೊತೆಗಿರಲಿ. ಮಕ್ಕಳ ಕೈಯಲ್ಲೊಂದು ನೋಟ್‌ಬುಕ್ಕೂ ಇರಲಿ.