ಬ್ರಾನ್‌ಸ್ಟನ್ನಿನ ಕಾಲುವೆ ಮತ್ತು ಎದುರುದಡದ ಮನೆಗಳು

ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ವೈದ್ಯವೃತ್ತಿಯಲ್ಲಿರುವ ನನ್ನ ಸೋದರಳಿಯನ ಒತ್ತಾಯಕ್ಕೆ ಮಣಿದು 2019ರ ಜೂನ್ ತಿಂಗಳಲ್ಲಿ ಆ ದೇಶವನ್ನು ಕಾಣುವ ಯೋಗ ಒದಗಿತು. ಅರಮನೆ, ವಸ್ತುಸಂಗ್ರಹಾಲಯಗಳೆಲ್ಲ ಮುಗಿದ ಮೇಲೆ ಅವನು, “ಮಾವ, ಈ ದೇಶದ ಹಳೆಯ ದಾರಿಯನ್ನು ನೀವಿನ್ನೂ ನೋಡಿಲ್ಲ” ಎಂದು ನನ್ನನ್ನು ಬ್ರಾನ್‌ಸ್ಟನ್ ಎಂಬ ಹಳ್ಳಿಗೆ ಕರೆದೊಯ್ದನು. ಆಕ್ಸ್‌ಫರ್ಡ್ ಕಾಲುವೆಯೂ ಗ್ರ್ಯಾಂಡ್ ಯೂನಿಯನ್ ಕಾಲುವೆಯೂ ಕೂಡುವ ಸ್ಥಳವದು. ಸಂಗಮವೆಂದೊಡನೆ ನಮ್ಮ ಮನಸ್ಸು ಎತ್ತ ಹರಿಯುವುದೆಂದು ಹೇಳಬೇಕಾಗಿಲ್ಲ. ಆದರೆ ಇದು ನದಿಗಳ ಸಂಗಮವಲ್ಲ, ಮನುಷ್ಯರು ಗುದ್ದಲಿಯಿಂದ ತೋಡಿದ ನೀರುದಾರಿಗಳ ಸಂಗಮ. ದಿಬ್ಬದ ಮೇಲಿನ ಇಗರ್ಜಿಯ ಶಿಖರ ದೂರದಿಂದಲೇ ಕಾಣುತ್ತದೆ. ದೋಣಿಯ ಕುಟುಂಬಗಳ ಅನೇಕರು ಆ ಇಗರ್ಜಿಯ ಅಂಗಳದಲ್ಲಿಯೇ ಮಣ್ಣಾಗಿದ್ದಾರೆ.

ನಮ್ಮಲ್ಲಿ ಕಾಲುವೆಯೆಂದರೆ ಹೊಲಕ್ಕೆ ನೀರು; ಅಲ್ಲಿ ಕಾಲುವೆಯೆಂದರೆ ಸರಕಿನ ಹೆದ್ದಾರಿ. 1761ರಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಶಿಲ್ಪಿಯ ನೆರವಿನಿಂದ ಬ್ರಿಜ್‌ವಾಟರ್ ಎಂಬಲ್ಲಿಯ ಡ್ಯೂಕನು ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ತೆರೆದ ಕಾಲುವೆಯಿಂದ ಆ ನಗರದಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತಂತೆ. ಮುಂದೆ ದೇಶದ ಮಧ್ಯಭಾಗದಲ್ಲೆಲ್ಲ ಕಾಲುವೆಗಳು ಹಬ್ಬಿದವು. ನೀರನ್ನು ಏರಿಸಿ ಇಳಿಸುವ ತೂಬುಕಟ್ಟೆಗಳನ್ನು ಬ್ರಿಂಡ್ಲಿಯು ಸುಮಾರು ಏಳಡಿ ಅಗಲ, ಎಪ್ಪತ್ತಕ್ಕೂ ತುಸು ಹೆಚ್ಚು ಅಡಿ ಉದ್ದಕ್ಕೆ ಕಟ್ಟಿಸಿದ್ದರಿಂದ ದೋಣಿಗಳೂ ಅದೇ ಅಳತೆಗೆ ರೂಪುಗೊಂಡವು. ಅಂಥ ದೋಣಿಯ ಹಿಂತುದಿಯಲ್ಲಿ ಸುಮಾರು ಹತ್ತಡಿ ಉದ್ದದ ಒಂದು ಗೂಡು. ಅದರಲ್ಲಿಯೇ ಒಲೆ, ಹಾಸಿಗೆ, ಗಂಡ, ಹೆಂಡತಿ, ಮಕ್ಕಳು. ಉಳಿದ ಉದ್ದವೆಲ್ಲ ಸರಕಿಗೆ. ಇಂಥ ಬಡ ಕುಟುಂಬಗಳ ಕಾಯಕದಿಂದ ಆ ದೇಶದ ಕೈಗಾರಿಕೆ ಬೆಳೆಯಿತೆಂಬುದನ್ನು ಮರೆಯಲಾಗದು.

ರೈಲು ಬಂದಿತು, ಲಾರಿ ಬಂದಿತು. 1948ರಲ್ಲಿ ಹೆಚ್ಚಿನ ಕಾಲುವೆಗಳು ಸರಕಾರದ ವಶವಾದವು. 1962-63ರ ಚಳಿಗಾಲದಲ್ಲಿ ವಾರಗಟ್ಟಲೆ ನೀರು ಹೆಪ್ಪುಗಟ್ಟಿ ಅಳಿದುಳಿದ ಸಾಗಾಟಕ್ಕೂ ದೊಡ್ಡ ಪೆಟ್ಟು ಬಿದ್ದಿತು. ಆ ಕಾಲದಲ್ಲಿ ಕಾಲುವೆಯೆಂದರೆ ಕಸದ ಹಳ್ಳ. ದಡದ ಮನೆಗಳು ಅದಕ್ಕೆ ಬೆನ್ನು ಹಾಕಿ ನಿಂತಿದ್ದವು. ಅದನ್ನು ಉಳಿಸಿದವರು ಸಾಮಾನ್ಯ ಜನರು. 1946ರಲ್ಲಿ ಸಂಘ ಕಟ್ಟಿ, ಕೆಸರಿಗಿಳಿದು, ಮುಚ್ಚಿಹೋಗಿದ್ದ ಕಾಲುವೆಗಳನ್ನು ಒಂದೊಂದಾಗಿ ತೆರೆಸಿದರು. ದಕ್ಷಿಣ ಸ್ಟ್ರಾಟ್‌ಫರ್ಡ್ ಕಾಲುವೆ 1964ರಲ್ಲಿ, ಕೆನೆಟ್-ಏವನ್ ಕಾಲುವೆ 1990ರಲ್ಲಿ ಪುನರಾರಂಭಗೊಂಡವು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 3,200 ಕಿಲೋಮೀಟರ್ ಜಲಮಾರ್ಗದ ಹೊಣೆಯನ್ನು ಒಂದು ದತ್ತಿ ಸಂಸ್ಥೆ ಹೊತ್ತಿದೆ. ಕಸದ ಹಳ್ಳ ತಿಳಿನೀರಾದೊಡನೆ ಬೆನ್ನು ಹಾಕಿದ್ದ ಮನೆಗಳು ಮುಖ ತಿರುಗಿಸಿದವು. ಇಲ್ಲಿಂದಲೇ ನಾನು ಹೇಳಹೊರಟ ಕಥೆ ಆರಂಭವಾಗುತ್ತದೆ.

ಸೋದರಳಿಯನ ಸ್ನೇಹಿತರಾದ ಒಬ್ಬ ನಿವೃತ್ತ ಶಿಕ್ಷಕರು 1936ರಲ್ಲಿ ಕಟ್ಟಿದ ದೋಣಿಯೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಎಪ್ಪತ್ತು ಅಡಿ ಉದ್ದ. ಮೈಮೇಲೆ ಗುಲಾಬಿ ಹೂವು, ಕೋಟೆಗಳ ಚಿತ್ರ. ಅವರು ಆದರದಿಂದ ನಮ್ಮನ್ನು ಹತ್ತಿಸಿಕೊಂಡರು. ನಡಿಗೆಯ ವೇಗ, ಎರಡೂ ಕಡೆ ಹಸುರು, ನೀರಿನಲ್ಲಿ ಮೋಡಗಳ ನೆರಳು. ಕಾಲುವೆಯ ಒಂದು ದಡದಲ್ಲಿ ಹಿಂದೆ ಕುದುರೆಗಳು ಹಗ್ಗದಿಂದ ದೋಣಿ ಎಳೆಯುತ್ತಿದ್ದ ಕಾಲುದಾರಿ. ಅದು ಇಂದು ಎಲ್ಲರ ನಡಿಗೆಗೆ ತೆರೆದಿದೆ. ಇನ್ನೊಂದು ಎದುರುದಡ, ಅಲ್ಲಿ ಮನೆಗಳ ಹಿತ್ತಿಲುಗಳು ನೀರಿನವರೆಗೆ ಇಳಿದಿರುತ್ತವೆ.

ಮಧ್ಯಾಹ್ನದ ಹೊತ್ತಿಗೆ ಅಂಥ ಮನೆಗಳ ಸಾಲೊಂದು ಬಂದಿತು. ಒಬ್ಬರು ನೀರಿನ ಮೇಲೆ ಮರದ ಜಗಲಿ ಚಾಚಿದ್ದರು. ಪಕ್ಕದವರು ಗೂಟ ನೆಟ್ಟು ಸ್ವಂತ ದೋಣಿ ಕಟ್ಟಿದ್ದರು. ಮತ್ತೊಬ್ಬರ ಹಿತ್ತಿಲಿನ ನೀರವಂಜಿ ಮರ ತನ್ನ ಕೊಂಬೆಗಳನ್ನು ಕಾಲುವೆಯ ನಡುವಿನವರೆಗೆ ಇಳಿಬಿಟ್ಟಿತ್ತು. ಎದುರಿನಿಂದ ಇನ್ನೊಂದು ದೋಣಿ ಬಂದಿತು. ಅದಕ್ಕೆ ದಾರಿ ಬಿಡಲು ಪಕ್ಕಕ್ಕೆ ಸರಿದ ನಮ್ಮ ದೋಣಿ ಹೂಳಿನಲ್ಲಿ ಕುಳಿತೇ ಬಿಟ್ಟಿತು. ಗಳುವಿನಿಂದ ನೂಕಿ, ಹಗ್ಗ ಎಳೆದು ಬಿಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು.

ಆಗ ಶಿಕ್ಷಕರು ವಿವರಿಸಿದರು. ಕಾಲುವೆಯ ತಳ ತಟ್ಟೆಯ ಹಾಗೆ: ನಡುವೆ ಆಳ, ಅಂಚಿಗೆ ಹೋದಂತೆ ಆಳ ಕಡಿಮೆ. ಹೊಸ ವಿಹಾರದೋಣಿಗಳಿಗೆ ಎರಡಡಿಯ ಆಸುಪಾಸಿನ ನೀರು ಸಾಕು; ಸರಕಿಗೆಂದು ಕಟ್ಟಿದ ಹಳೆಯವು ಹಿಂಬದಿಯಲ್ಲಿ ಹೆಚ್ಚುಕಡಿಮೆ ಮೂರಡಿ ಮುಳುಗುತ್ತವೆ. ಇದಲ್ಲದೆ ದೋಣಿ ಮುಂದೆ ಸರಿಯಬೇಕಾದರೆ ಮುಂದಿನ ನೀರು ಅದರ ಎರಡು ಪಕ್ಕೆಗಳ ಮೂಲಕ ಹಿಂದಕ್ಕೆ ಹರಿಯಬೇಕು. ಇಕ್ಕಟ್ಟಾದಷ್ಟೂ ದೋಣಿ ಭಾರವಾಗಿ ತೆವಳುತ್ತದೆ. ಗೂಟಗಳ ಸಂದಿಯಲ್ಲಿ ಎಲೆ ನಿಂತು, ಎಲೆಯಲ್ಲಿ ಹೂಳು ನಿಂತು, ಹೂಳಿನಲ್ಲಿ ಜೊಂಡು ಬೆಳೆಯುತ್ತದೆ. ಕಡೆಗೆ ಜೊಂಡು ಇದ್ದಲ್ಲಿ ದಡವೇ ಹುಟ್ಟುತ್ತದೆ.

ಜಗಲಿಯ ಮನೆಯ ಯಜಮಾನರು ಸಜ್ಜನರು. ನಮ್ಮ ಪಾಡು ಕಂಡು ತಾವೇ ಹಗ್ಗ ಹಿಡಿದರು, ಚಹ ಕುಡಿದು ಹೋಗಿರೆಂದರು. ಶಿಕ್ಷಕರು ವಿನಯದಿಂದ ಜಗಲಿಯ ಮಾತೆತ್ತಿದಾಗ ಅವರು, “ನಾನು ಮುಂದೆ ತಂದಿರುವುದು ಎರಡೇ ಅಡಿ, ಪಕ್ಕದವರದು ನಾಲ್ಕು” ಎಂದರು. ಸ್ವಲ್ಪ ತಡೆದು, “ದೋಣಿಗಳನ್ನು ನೋಡುವ ಆಸೆಯಿಂದಲೇ ಈ ಮನೆ ಕೊಂಡೆ” ಎಂದೂ ಹೇಳಿದರು. ಆ ಮಾತಿನಲ್ಲಿ ಕಪಟವಿರಲಿಲ್ಲ.

ಸಂಜೆಗೆ ಹಿಂದಿರುಗುವುದೆಂದು ನಮ್ಮ ಎಣಿಕೆಯಾಗಿತ್ತು. ಉದ್ದದ ದೋಣಿ ಎಲ್ಲೆಂದರಲ್ಲಿ ತಿರುಗದು. ಅದಕ್ಕಾಗಿ ಪೂರ್ವಿಕರು ಅಲ್ಲಲ್ಲಿ ದಡವನ್ನು ತ್ರಿಕೋನಾಕಾರದಲ್ಲಿ ಒಳಸರಿಸಿ ತಿರುವುತಾಣಗಳನ್ನು ಮಾಡಿದ್ದಾರೆ. ಆ ದಿನ ಅಂಥ ತಾಣಕ್ಕೆ ತಲುಪಿದಾಗ ಅದರ ಬಾಯಲ್ಲಿ ಯಾರದೋ ಖಾಸಗಿ ದೋಣಿ ಕಟ್ಟಿತ್ತು. ಐವತ್ತು ಅಡಿಯ ದೋಣಿ ತಿರುಗಬಹುದಿತ್ತು; ಎಪ್ಪತ್ತು ಅಡಿಯದು ಸಾಧ್ಯವಿರಲಿಲ್ಲ. ಶಿಕ್ಷಕರು ಮುಂದಿನ ತಾಣದವರೆಗೆ ಸಾಗುವುದು ಅನಿವಾರ್ಯವಾಯಿತು. ನಾವು ಬಸ್ಸಿನಲ್ಲಿ ಮರಳಿದೆವು.

ಬೀಳ್ಕೊಡುವಾಗ ಅವರು ಹೇಳಿದ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ನಾಟಿವೆ. ಮೊದಲನೆಯದು, 1947ರ ಘಟನೆ. ಬರ್ಮಿಂಗ್‌ಹ್ಯಾಮಿನ ಬಳಿ ಲಿಫರ್ಡ್ ಎಂಬಲ್ಲಿ ಎತ್ತಿ ಇಳಿಸುವ ಸೇತುವೆಯ ಜಾಗದಲ್ಲಿ ಕಾಲುವೆಯ ಒಡೆತನದ ರೈಲ್ವೆ ಕಂಪನಿಯು ತಗ್ಗಾದ ಸ್ಥಿರ ಸೇತುವೆ ಹಾಕಿ ದಾರಿಯನ್ನೇ ಮುಚ್ಚಿತ್ತು. ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕರು ಮುಂಚಿತವಾಗಿ ತಿಳಿಸಿ ತಮ್ಮ ‘ಕ್ರೆಸ್ಸಿ’ ದೋಣಿಯಲ್ಲಿ ಅಲ್ಲಿಗೆ ಬಂದು ನಿಂತರು. ಸಂಚಾರದ ಹಕ್ಕು ಕಾಗದದಲ್ಲಿ ಇನ್ನೂ ಇತ್ತು. ಕಂಪನಿಯ ಆಳುಗಳು ಸೇತುವೆಯನ್ನು ಎತ್ತಿ ದಾರಿ ಬಿಡಬೇಕಾಯಿತು. ಎರಡನೆಯದು, 1968ರ ಸಾರಿಗೆ ಕಾಯಿದೆ. ವಿಹಾರದ ಕಾಲುವೆಯನ್ನು ಎಷ್ಟು ಸುಸ್ಥಿತಿಯಲ್ಲಿಡಬೇಕೆಂಬುದಕ್ಕೆ ಅದು ಹಿಡಿದ ಮಾನದಂಡ, 1967ರ ಡಿಸೆಂಬರ್ 8ಕ್ಕೆ ಮುಗಿದ ಒಂಬತ್ತು ತಿಂಗಳಲ್ಲಿ ಅಲ್ಲಿ ವಾಡಿಕೆಯಾಗಿ ಓಡಾಡಿದ ಯಂತ್ರದೋಣಿಗಳ ಅಳತೆ.

ಎಂದರೆ ಕಾಲುವೆಗೆ ದೋಣಿಯೇ ಅಳತೆಗೋಲು. ಸಣ್ಣ ದೋಣಿಗಳು ಕಿರಿದಾದ ದಾರಿಯಲ್ಲಿಯೂ ನುಸುಳುತ್ತವೆ. ಅವುಗಳಿಗೆ ನಷ್ಟದ ಅರಿವಾಗದು. ಹಳೆಯ ದೊಡ್ಡ ದೋಣಿ ತಡವರಿಸಿದಾಗಲೇ ಎಲ್ಲಿ ಎಷ್ಟು ಕಳೆದುಹೋಯಿತೆಂಬುದು ತಿಳಿಯುವುದು. ಬೇಸತ್ತು ಅದು ಬರುವುದನ್ನೇ ಬಿಟ್ಟರೆ, ಯಾರೂ ಮುಚ್ಚದೆಯೇ ದಾರಿ ಮುಚ್ಚಿಹೋಗುತ್ತದೆ.

ಬಸ್ಸಿನಲ್ಲಿ ಕುಳಿತಾಗ ನನಗೆ ನೆನಪಾದುದು ನನ್ನ ಹುಟ್ಟೂರಿನ ಬಂಡಿದಾರಿ. ನನ್ನ ಬಾಲ್ಯದಲ್ಲಿ ಎರಡು ಹೇರುಬಂಡಿಗಳು ಎದುರಾದರೂ ಸರಾಗವಾಗಿ ದಾಟುತ್ತಿದ್ದವು. ವರ್ಷಕ್ಕೊಂದು ಸಾಲಿನಂತೆ ಬದು ಸರಿದು ಸರಿದು, ಈಗ ಒಂದು ಬಂಡಿಯೂ ಕಷ್ಟ. ಒತ್ತಿದವರ ಹೆಸರು ಹೇಳೆಂದರೆ ಯಾರ ಹೆಸರೂ ಸಿಗದು, ಏಕೆಂದರೆ ಎಲ್ಲರೂ ಒತ್ತಿದ್ದಾರೆ. ನಮ್ಮ ಮನೆತನದ ಹೊಲದ ಬದುವೂ ದಾರಿಯ ಕಡೆಗೆ ಎರಡಡಿ ಸರಿದಿದೆಯೆಂದು ನಾನು ಬಲ್ಲೆ. ಆ ಇಂಗ್ಲಿಷ್ ಸಜ್ಜನರ ಜಗಲಿಯೂ ಎರಡೇ ಅಡಿ. ಅವರಿಗೆ ಬುದ್ಧಿ ಹೇಳುವ ಅಧಿಕಾರ ನನಗಿರಲಿಲ್ಲವೆಂದೇ ಆ ದಿನ ಸುಮ್ಮನಿದ್ದೆ. ಊರಿಗೆ ಮರಳಿದ ಮೇಲೆ ತಮ್ಮನೊಡನೆ ಹೊಲಕ್ಕೆ ಹೋಗಿ ಹಳೆಯ ಬಾಂದುಗಲ್ಲನ್ನು ಹುಡುಕಿದೆವು. ಅದು ಮಣ್ಣಿನಡಿ ಇತ್ತು, ಇದ್ದ ಜಾಗದಲ್ಲಿಯೇ ಇತ್ತು. ಬದುವನ್ನು ಅಲ್ಲಿಗೆ ಹಿಂದೆ ಸರಿಸಿದೆವು. ದಾರಿ ಇನ್ನೂ ಅಗಲವಾಗಿಲ್ಲ. ಉಳಿದ ಹೊಲಗಳ ಸರದಿ ಬಾಕಿಯಿದೆ.